ಹಗ್ಗಕ್ಕೆ ಬಾರದ ಬೆಡ್‌ಶೀಟ್

ಜೂನ್ 4, ಬೆಳಿಗ್ಗೆ

ಬಟ್ಟೆ ಮತ್ತೆ ಒದ್ದೆ. ತುಂಬ ತುರುಕಿದೆ, ಅದಕ್ಕೇ. ಹೊಸ ಮಷಿನ್ನಿನಲ್ಲಿ ಒಗೆಯುವುದಕ್ಕೂ ಒಣಗಿಸುವುದಕ್ಕೂ ಒಂದೇ ಡ್ರಮ್. ಒಗೆದಷ್ಟನ್ನೂ ಒಣಗಿಸಲು ಅದಕ್ಕೆ ಆಗದು — ಅರ್ಧ ತೆಗೆಯಬೇಕು. ಅಮ್ಮ ಮುಟ್ಟಿ ನೋಡಿ, "ಬೆಚ್ಚಗಿದೆ, ಒಣಗಿದೆ ಬಿಡು" ಅಂದಳು. ಬಿಸಿ ಅಷ್ಟೇ, ಒಣಗಿಲ್ಲ ಅಂದೆ.

"ಎಲ್ಲದಕ್ಕೂ ಇಲ್ಲ ಅನ್ನು. ಸ್ಕೂಲಿಗೂ ಹಾಗೇ ಅಂದೆ."

ಆಫೀಸಿಗೆ ಹೋದಳು. ನಾನು ಹಾಗೆ ಅಂದದ್ದು ನಿಜ. ಬೆಂಚಿನ ಮೇಲೆ ಕೂರಲು ಆಗಲಿಲ್ಲ, ಸ್ಕೂಲು ಬಿಟ್ಟೆ. ಈಗ ಅಜ್ಜಿ, ಮಷಿನ್ — ಎರಡೂ ನನ್ನ ಡ್ಯೂಟಿ.

ಜೂನ್ 7

ಅಮ್ಮ ಹೊರಟ ಮೇಲೆ ಅಜ್ಜಿ ಬೆಡ್‌ಶೀಟ್ ಸುತ್ತಿಕೊಂಡು ಬಂದಳು. "ನೀರಿನ ಲೋಟ ಬಿತ್ತು ಕಣೋ."

ಇದು ನೀರಿನ ವಾಸನೆ ಅಲ್ಲ ಅಂದುಬಿಟ್ಟೆ. ಅಜ್ಜಿಯ ಮುಖ ಸಣ್ಣದಾಯಿತು.

"ನಿಮ್ಮಮ್ಮನಿಗೆ ಹೇಳ್ಬೇಡ. ಡೈಪರ್ ತಂದು ಕೂರ್ತಾಳೆ. ಅವಳಿಗೆ ಬಟ್ಟೆ ಕಟ್ಟಿ ಬೆಳೆಸಿದವಳು ನಾನು. ಅವಳು ನನಗೆ ಕಟ್ಟೋದು ಬೇಡ."

"ಕೇಳಿದ್ರೆ ಸುಳ್ಳು ಹೇಳಲ್ಲ ಅಜ್ಜಿ."

"ಕೇಳದ ಹಾಗೆ ನೋಡ್ಕೋ."

ಜೂನ್ 15

ಮಷಿನ್ನಿಗೆ ಬೈದದ್ದೆಲ್ಲ ವಾಪಸ್. ಒಂದೇ ಬೆಡ್‌ಶೀಟ್ ಹಾಕಿದರೆ ಗರಿಗರಿ ಒಣಗುತ್ತದೆ. ಹಗ್ಗ ಬೇಡ, ಎದುರುಮನೆಯವರ ಕಣ್ಣಿಲ್ಲ. ಅಮ್ಮ ಬರುವುದರೊಳಗೆ ಮಂಚದ ಮೇಲೆ. ಆದರೆ ಅಲ್ಲಿಯ ತನಕ ಬೇರೇನೂ ಒಗೆಯಲಾಗದು... ಬುಟ್ಟಿಯಲ್ಲಿ ಮನೆಯವರ ಬಟ್ಟೆಯ ಗುಡ್ಡ.

"ಇಡೀ ದಿನ ಏನ್ ಮಾಡ್ತೀಯ?" ಅಮ್ಮ.

ಒಗೀತೀನಿ ಅಂದೆ. ಸುಳ್ಳಲ್ಲ.

ಜೂನ್ 21, ಸಂಜೆ

ಅಮ್ಮ ಬೇಗ ಬಂದಳು. ತಿರುಗುತ್ತಿದ್ದ ಮಷಿನ್ ನಿಲ್ಲಿಸಿದಳು. ಬಿಸಿ ಆರುವ ತನಕ ಅದರ ಬಾಗಿಲು ತೆರೆಯದು. ಇಬ್ಬರೂ ಗಾಜಿನ ಮುಂದೆ ನಿಂತೆವು.

"ಒಂದು ಬೆಡ್‌ಶೀಟಿಗೆ ಇಷ್ಟು ಕರೆಂಟಾ? ಯಾರದಿದು?"

ಬಾಯಿ ತೆರೆದೆ. ಕೋಣೆಯೊಳಗಿಂದ ಅಜ್ಜಿಯ ದನಿ: "ಅವನದೇ ಕಣೆ. ನಿದ್ದೇಲಿ ಗೊತ್ತಾಗಲ್ವಂತೆ, ಪಾಪ. ಬೈಬೇಡ."

ನನಗೆ ಹತ್ತೊಂಬತ್ತು.

"ಹೌದೇನೋ?"

ಹೌದು ಅಂದೆ. ಸುಳ್ಳು. ಇಲ್ಲಿಯಾದರೂ ನಿಜ ಬರೆದಿಡುತ್ತೇನೆ.

ಜೂನ್ 22

ಕ್ಲಿನಿಕ್ಕಿನ ಬೆಂಚು. ಡಾಕ್ಟರಿಗೆ ತೋರಿಸಲು ಅಮ್ಮ ನನ್ನನ್ನು ಕರೆತಂದಿದ್ದಾಳೆ. ಫೋನಿನಲ್ಲಿ ಬರೆಯುತ್ತಿದ್ದೇನೆ. ಅಮ್ಮ ಬೇಡವೆಂದರೂ ಅಜ್ಜಿ ಜೊತೆಗೆ ಬಂದಿದ್ದಾಳೆ. ಅಮ್ಮ ನನ್ನ ಬೆನ್ನು ಸವರಿ ಪಿಸುಗುಟ್ಟಿದಳು, "ನಾಚ್ಕೋಬೇಡ. ಯಾರಿಗಾದ್ರೂ ಆಗುತ್ತೆ. ಮಾತ್ರೆ ಕೊಡ್ತಾರೆ."

ಅಜ್ಜಿಯ ಕಿವಿ ಚುರುಕು. "ಬರೀ ಮಾತ್ರೆ ಸಾಕಾ?"

"ಎಷ್ಟೋ ಜನಕ್ಕೆ ಸಾಕಾಗುತ್ತೆ, ಅಮ್ಮ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ಈಗ ನರ್ಸ್ ನನ್ನ ಹೆಸರು ಕರೆದಳು. ನಾನಿನ್ನೂ ಎದ್ದಿಲ್ಲ. ಅಜ್ಜಿ ಎದ್ದಿದ್ದಾಳೆ. ಹಿಡಿಯಲು ಬಂದ ಅಮ್ಮನ ಕೈ ಸರಿಸಿ, ಡಾಕ್ಟರ ಕೋಣೆಯ ಬಾಗಿಲ ಕಡೆ ಒಬ್ಬಳೇ—