ನರ್ಸುಗಳ ಮುಂದೆ ನಾನು ಹೇಳಿದ ‘ಇಲ್ಲ’

ಆಗಸ್ಟ್ ೧೪, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮುಷ್ಕರ ಹೂಡಿರುವ ನರ್ಸುಗಳನ್ನು ಕೆಲಸಕ್ಕೆ ಮರಳಿಸಲು ಇವರು ನನ್ನನ್ನೇ ಕಳಿಸಿದರು. ದೇಶದ ಅಧ್ಯಕ್ಷರ ಹೆಂಡತಿ ನಾನು, ಮೇಲಾಗಿ ಹಳೆಯ ನರ್ಸು. ನನ್ನ ಮಾತು ಕೇಳುತ್ತಾರಂತೆ.

ಆಸ್ಪತ್ರೆಯ ಗೇಟಿನಲ್ಲಿ ಕೂತಿದ್ದ ನಾಮುಕೋಲೋ, ಹಿಂದೆ ನನ್ನ ಜೊತೆ ಪಾಳಿ ಮಾಡಿದವಳು, ಕೇಳಿದಳು: “ಕೈಗವಸಿಲ್ದೆ ಹೆರಿಗೆ ಮಾಡಿಸ್ತಿದ್ವಿ, ಮೇಡಂ. ನೀವಾಗಿದ್ರೆ ಒಳಗೆ ಹೋಗ್ತಿದ್ರಾ?”

“ಇಲ್ಲ” ಅಂದೆ. ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು.

ಊಟದ ಹೊತ್ತಿಗೆ ಇವರು ಎನ್‌ಶಿಮಾ ಮುದ್ದೆಯ ತಟ್ಟೆ ಪಕ್ಕಕ್ಕೆ ದೂಡಿದರು. “ಚೋಲನ ಅಮ್ಮಾ, ನಿನ್ನ ಅಭಿಪ್ರಾಯ ಹೇಳೋಕೆ ನಿಂಗೇನು ಜನ ಓಟು ಹಾಕಿದ್ದಾರಾ?”

“ನಿಮ್ಮ ಅಭಿಪ್ರಾಯ ಹೇಳ್ಕೊಂಡು ತಿರುಗೋಕೆ ನಂಗೇನು ಹಾಕಿದ್ರಾ?”

ಎದ್ದು ಹೋದರು.

ನಾಳೆಯಿಂದ ನನ್ನ ಕಾರ್ಯಕ್ರಮಗಳೆಲ್ಲ ರದ್ದಂತೆ, ಕಾರ್ಯದರ್ಶಿ ಬಂದು ಹೇಳಿಹೋದ. ನನಗೆ ಹುಷಾರಿಲ್ಲವೆಂದು ಪತ್ರಿಕೆಗಳಿಗೆ ತಿಳಿಸುತ್ತಾರಂತೆ. ನನಗೇನೂ ಆಗಿಲ್ಲ.