ತಕ್ಕಡಿಯ ಬಳಿ ಅವ್ವನ ದನಿ

ಬೀದರ,
ಶುಕ್ರವಾರ, 6 ಸೆಪ್ಟೆಂಬರ್ 2024

ಪ್ರೀತಿಯ ಶಾಲೋಮಣ್ಣಾ,

ಹೇಗಿದ್ದೀಯಾ? ಸೊಂಟದ ನೋವು ಇಳಿಯಿತೇ? ಸಂತಪುರದ ಶಾಲೆಯಲ್ಲಿ ಮಕ್ಕಳ ಜೊತೆ ಕೂಗಾಡಿ ಊಟ ಮರೆಯಬೇಡ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರನ್ನು ನೀನು ಬರಿಗೈಯಲ್ಲಿ ವಾಪಸ್ ಅಟ್ಟಲಾರೆ.

ಅವ್ವನ ಮಣ್ಣು ಆದ ಮೇಲೆ ನೀನು ಗಾಂಧಿ ಗಂಜದ ಮಾರುಕಟ್ಟೆ ಕಡೆ ತಲೆ ಹಾಕಿಲ್ಲ. ಕಾರಣ ನನಗೆ ಗೊತ್ತು. ವೈಜಿನಾಥ ಸಾಹುಕಾರರು ರೈತರ ಕಾಳು ತೂಗಿ ಮಾರಿಸುವ ಅಡತಿಯಲ್ಲಿ ನೀನು ಬರೆದ ತೂಕದ ಪ್ರೋಗ್ರಾಮು ಅವ್ವನ ದನಿಯಲ್ಲೇ ಕಿಲೋ ಕೂಗುತ್ತಿತ್ತು, ಓದು ಬಾರದ ರೈತರಿಗೂ ತಿಳಿಯಲಿ ಎಂದು. ಚರ್ಚಿನ ಕೊನೆಯ ಬೆಂಚಿಗೂ ಮುಟ್ಟುವ ದನಿ ಎಂದು ನೀನೇ ಅವಳನ್ನು ಹಿಡಿದು ಕೂರಿಸಿ, ಒಂದು, ಎರಡು ಎಂದು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಅವಳು ಹೋದ ಮೇಲೆ ಅದನ್ನು ಕೇಳುವುದು ನಿನ್ನಿಂದ ಆಗಲಿಲ್ಲ. ನನಗೆ ಅದೊಂದೇ ಆಸರೆಯಾಗಿತ್ತು.

ಹೋದ ವಾರ ಕರೆಂಟು ಏರಿಳಿದು ಅಡತಿಯ ಕಂಪ್ಯೂಟರ್ ಸುಟ್ಟುಹೋಯಿತು. ಡಿಸ್ಕಿನಿಂದ ಏನೂ ಬರುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿದ. ಸಾಹುಕಾರರು ತಂದ ಹೊಸದರ ಮೇಲೆ ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕು. ಸೋಮವಾರದೊಳಗೆ ಆಗದಿದ್ದರೆ ಬರೀ ಪೀಂ ಎನ್ನುವ ರೆಡಿಮೇಡ್ ಮಷೀನು ಇಡುತ್ತಾರಂತೆ. ಹಮಾಲ ಅಮೀರ ಪಾಶಾ ಹೆಸರುಕಾಳಿನ ಚೀಲ ಇಳಿಸಿ ದಿನಾ ಅವ್ವನ ಬಗ್ಗೆ ಕೇಳುತ್ತಾನೆ: “ಎಡಿತಬಾಯಿ ಯಾಕ ಸುಮ್ಮ ಆಗ್ಯಾರ್ರಿ?”

ನಮ್ಮ ಹಳೆಯ ಜಗಳ ನೆನಪಿದೆಯಾ? ಯಾವ ಫೈಲಾದ ಮೇಲೆ ಯಾವುದು ಕಂಪೈಲ್ ಆಗಬೇಕು, ಕೊನೆಗೆ ಎಲ್ಲ ಹೇಗೆ ಕೂಡಬೇಕು ಎಂದು ಹೇಳಲು ನಿನಗೆ ಮೇಕ್ ಎಂಬ ಹಳೆಯ ಟೂಲ್ ಒಂದೇ ಸಾಕು. ನನಗೆ ಸಿ-ಮೇಕ್ ಬೇಕು, ಯಾವ ಕಂಪ್ಯೂಟರಿಗೆ ಹೋದರೂ ಅಲ್ಲಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. “ಚೆಂದ ನಡದದ, ಯಾಕ ಕೆದಕ್ತಿ?” ಎನ್ನುತ್ತಿದ್ದೆ ನೀನು. ರೊಟ್ಟಿ ಆರುವವರೆಗೆ ಕಚ್ಚಾಡುತ್ತಿದ್ದೆವು, ಅವ್ವ ಇಬ್ಬರಿಗೂ ಬೈಯುತ್ತಿದ್ದಳು. ಒಂದು ಮಾತು ಮಾತ್ರ ಇಬ್ಬರಿಗೂ ಒಪ್ಪಿಗೆ: ಕಂಪ್ಯೂಟರ್ ಕಟ್ಟಿಕೊಟ್ಟಿದ್ದನ್ನು ಕೂಡಿಡಬಾರದು, ನಾವು ಬರೆದ ಮೂಲ ಕೋಡ್ ಅಷ್ಟೇ ಸಾಕು. ಊರು ಬಿಡುವ ದಿನವೂ ನಿನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದೆಲ್ಲ ಅಳಿಸಿ, ಮೂಲವನ್ನು ನನ್ನ ಪೆನ್‌ಡ್ರೈವಿಗೆ ಹಾಕಿ, “ಬೇಕಾದಾಗ ಮತ್ತ ಕಟ್ಕೋಬಹುದು ಬಿಡು” ಎಂದಿದ್ದೆ. ಈ ವಾರ ಮೊದಲು ನಿನ್ನ ಮೇಕ್, ಆಮೇಲೆ ನನ್ನ ಸಿ-ಮೇಕ್ ಹಚ್ಚಿ ನೋಡಿದೆ. ಎರಡೂ ಕೈಕೊಟ್ಟವು. ಸೋತುಹೋಗಿದ್ದೇನೆ, ಅಣ್ಣಾ.

ಭಾಲ್ಕಿಯ ಅತ್ತೆ ನಿನ್ನನ್ನು ಕೇಳಿದರು. ಪ್ರಭು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಗ್ಲೋರಿ

ವಿ.ಸೂ.: ಬಸ್ಸು ಹೊರಡುತ್ತಿದೆ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮೇಕ್, ಸಿ-ಮೇಕ್ ಎರಡೂ ಒಂದೇ ಜಾಗದಲ್ಲಿ ನಿಲ್ಲುತ್ತವೆ. ಅವ್ವ ಹೇಳಿದ “ಒಂದು” ಎಂಬ ಫೈಲು ಸಿಗುತ್ತಿಲ್ಲ, ಅದನ್ನು ತಯಾರಿಸುವ ದಾರಿ ಗೊತ್ತಿಲ್ಲ ಎನ್ನುತ್ತವೆ. ಪ್ರೋಗ್ರಾಮು ಕಟ್ಟುವಾಗ ಪ್ರತಿ ಸಲ ದನಿಯನ್ನು ಅವ್ವನ ಫೋನಿನಿಂದಲೇ ಎಳೆದುಕೊಳ್ಳುವಂತೆ ನೀನು ಬರೆದಿದ್ದೆ, ಪೆನ್‌ಡ್ರೈವಿನಲ್ಲಿ ಅದಿಲ್ಲ. ಆ ಫೋನನ್ನು ಬೈಬಲ್ಲಿನ ಜೊತೆ ಅವಳ ಪೆಟ್ಟಿಗೆಯಲ್ಲಿ ಇಟ್ಟು ಮಣ್ಣು ಮಾಡಿದೆವಲ್ಲ. ಇಬ್ಬರೂ ಅಳುತ್ತಿದ್ದೆವು, ಯಾರಿಗೂ ಹೊಳೆಯಲಿಲ್ಲ. ಇನ್ನು ನೀನು ಗಂಜಕ್ಕೆ ಬರಬಹುದು. ಅಲ್ಲಿ ಅವಳ ದನಿ ಕೇಳಿಸುವುದಿಲ್ಲ.