ಬಾಳೆಲೆಯ ಗಾಡಿ ಯಾರದು ಎಂದು ನೀವು ಕೇಳಿದ್ದರ ಬಗ್ಗೆ

ರಸ್ತೆಗೆ ಅಡ್ಡ ನಿಂತು ಗಾಡಿಗಳ ಕಾಗದ ಕೇಳುವ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ವಿಮೆ ಇಲ್ಲವೆಂದು ನಮ್ಮ ವ್ಯಾನನ್ನು ಜಪ್ತಿ ಮಾಡಿದ್ದೀರಿ. ಲೈಸೆನ್ಸ್ ಸರಿಯಿಲ್ಲವೆಂದು ನನ್ನ ಮಗನನ್ನು ಹಿಡಿದಿದ್ದೀರಿ. ಎರಡೂ ಕಾನೂನಿನ ಪ್ರಕಾರವೇ ನಡೆದಿದೆ ಎಂದು ನಿಮ್ಮವರು ಹೇಳಿದರು. ನಾನು ಇಲ್ಲವೆನ್ನುವುದಿಲ್ಲ. ನನ್ನ ದೂರು ಇಷ್ಟೇ: ಆ ವಿಮೆಯನ್ನು ಮಾಡಿಸಲು ಬಿಡದೇ ಇದ್ದವರೂ ನೀವೇ. ಅದೂ ಸಾಲದೆಂಬಂತೆ, ಗಾಡಿಯನ್ನು ಎಳೆದೊಯ್ದ ಮೇಲೆ ನಿಮ್ಮ ಕಚೇರಿಯಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ನಮ್ಮ ಮನೆ ಎರಡು ಪಾಲಾಗಿದೆ. ಗಾಡಿಗೆ ರಸೀದಿ ಕೊಟ್ಟಿದ್ದೀರಿ. ಮನೆಗೆ ಕೊಟ್ಟಿಲ್ಲ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಕೊಟ್ಟ ಅರ್ಜಿಗಳನ್ನು ತಾವು ಓದಲಿಲ್ಲ, ಮರಾಠಿಯಲ್ಲಿ ಕೊಟ್ಟದ್ದನ್ನೂ ಓದಲಿಲ್ಲ. ಓದದೇ ಇಡುವುದಕ್ಕೆ ಯಾವ ಭಾಷೆಯಾದರೇನು? ಕನ್ನಡದಲ್ಲಾದರೆ ನಮ್ಮವರು ನಾಲ್ಕು ಜನರಾದರೂ ಓದಿ ನಿಟ್ಟುಸಿರು ಬಿಡುತ್ತಾರೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ನನ್ನ ಕೈ ಸೋತಿದೆ, ಈಗ ಜಗಳಕ್ಕೆ ಬೇಕಾದ ಶಕ್ತಿ ನನ್ನಲ್ಲಿಲ್ಲ. ಇದನ್ನು ದಣಿದವಳ ಮಾತು ಎಂದೇ ಓದಿಕೊಳ್ಳಿ.

ಸಂಗತಿ ಹೀಗಿದೆ. ನನ್ನ ತಮ್ಮ ದೂಜ ಪೂಜಾರಿ ಉಡುಪಿಯ ಕಡೆಯಿಂದ ಚಿಕ್ಕವನಿರುವಾಗಲೇ ಮುಂಬಯಿಗೆ ಬಂದು, ಮಾಟುಂಗದ ಹೋಟೆಲಿನಲ್ಲಿ ಲೋಟ ತೊಳೆದು ದೊಡ್ಡವನಾದ. ನಾನು ಗಂಡನನ್ನು ಕಳೆದುಕೊಂಡು ಕೈಗೂಸಿನೊಂದಿಗೆ ಬಂದಾಗ ಬಾಗಿಲು ತೆರೆದವನು ಅವನೇ. ಆ ಕೂಸೇ ಚೆನ್ನಯ. ಮುಂದೆ ದೂಜ ವಿನೋದಿನಿಯನ್ನು ಮದುವೆಯಾದ, ವಾರಿಜಾ ಹುಟ್ಟಿದಳು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ವ್ಯಾನೊಂದನ್ನು ಕೊಂಡು, ದಹಿಸರದ ವಾಡಿಗಳ ತೋಟಗಳಿಂದ ಬಾಳೆಲೆ ತಂದು ಮಾಟುಂಗದ ಹೋಟೆಲುಗಳಿಗೆ ಹಾಕುವ ಕಸುಬು ಹಿಡಿದ. ಚಾಳಿನಲ್ಲಿ ನಮಗೆ ಒತ್ತಾದ ಎರಡು ಖೋಲಿಗಳಿದ್ದರೂ ಅಡಿಗೆಗೆ ಇದ್ದಿಲಿನ ಶೇಗಡಿ ಒಂದೇ. ಇಷ್ಟು ವರ್ಷ ಆ ಶೇಗಡಿಯ ಮುಂದೆ ನಾನೂ ವಿನೋದಿನಿಯೂ ಎಷ್ಟು ಸಲ ಮುನಿಸಿಕೊಂಡಿದ್ದೇವೋ ಲೆಕ್ಕವಿಲ್ಲ, ಆದರೆ ಬಡಿಸಿಕೊಂಡು ಉಂಡದ್ದು ಒಟ್ಟಿಗೇ. ಹೋದ ವರ್ಷ ದೂಜ ಕಾಮಾಲೆಯಿಂದ ತೀರಿಕೊಂಡ.

ಅವನ ನಂತರ ಗಾಡಿ ಓಡಿಸುವವನು ಯಾರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳುವಂಥದ್ದು ಏನೂ ಇರಲಿಲ್ಲ. ತುಳುನಾಡಿನ ನಮ್ಮಂಥವರಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ, ಮಾವನದ್ದು ಸೋದರಳಿಯನಿಗೆ ಬರುತ್ತದೆ. ಅಳಿಯಸಂತಾನವೆಂದು ಅದಕ್ಕೆ ಹೆಸರು. ನಮ್ಮ ಜಿಲ್ಲೆಯ ಕೋರ್ಟುಗಳು ಅದನ್ನು ಒಪ್ಪಿಕೊಂಡು ಬಹಳ ಕಾಲವಾಯಿತು. ಚೆನ್ನಯ ಗಾಡಿ ಹಿಡಿದ, ಅತ್ತೆಯನ್ನೂ ವಾರಿಜಾಳನ್ನೂ ಮಾವನ ಹಾಗೆಯೇ ನೋಡಿಕೊಂಡ. ಇದೂ ಕಟ್ಟಳೆಯ ಭಾಗವೇ. ಬರೀ ಆಸ್ತಿ ತೆಗೆದುಕೊಂಡು ಹೋಗುವ ಅಳಿಯನನ್ನು ನಮ್ಮ ಕಡೆ ಅಳಿಯ ಎನ್ನುವುದಿಲ್ಲ.

ವಿಮೆಯ ಅವಧಿ ಮುಗಿಯಿತು. ಹೊಸದಾಗಿ ಮಾಡಿಸಲು ಹೋದರೆ ವಿಮೆಯವರು, ಸತ್ತವನ ಹೆಸರಿನ ಗಾಡಿಗೆ ವಿಮೆ ಇಲ್ಲ, ಮೊದಲು ಹೆಸರು ಬದಲಿಸಿಕೊಂಡು ಬನ್ನಿ ಎಂದರು. ಹೆಸರು ಬದಲಿಸುವವರು ನಿಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿದ್ದಾರೆ, ಹಿಡಿಯುವವರು ಕೆಳಗಿನ ಮಹಡಿಯಲ್ಲಿ. ಮೇಲಿನ ಮಹಡಿಯ ಗುಮಾಸ್ತರು ಚೆನ್ನಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾಂಜಾ? ಭಾಂಜೇ ಕಾ ಕ್ಯಾ ಸಂಬಂಧ? ಲಡ್ಕೇ ಕೋ ಲಾವೋ" ಎಂದರು. ಅಳಿಯನಿಗೇನು ಸಂಬಂಧ, ಮಗನನ್ನು ಕರೆದುಕೊಂಡು ಬಾ. ಮಗ ಇಲ್ಲವೆಂದರೆ ನಾಳೆ ಬಾ ಎಂದರು, ಸಾಹೇಬರು ರಜೆ ಎಂದರು, ಕಾನೂನು ಪುಸ್ತಕ ನೋಡಬೇಕು ಎಂದರು. ಆ ಪುಸ್ತಕ ಎಲ್ಲಿದೆಯೋ, ಯಾರಾದರೂ ತೆರೆದು ನೋಡಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಳೆಗೆ ನಿಮ್ಮ ರಜೆ ತಿಳಿಯುವುದಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಎಲೆ ಹೋಟೆಲಿನಲ್ಲಿರಬೇಕು. ಚೆನ್ನಯ ವಿಮೆಯಿಲ್ಲದೆ ಗಾಡಿ ಓಡಿಸಿದ. ತಪ್ಪೇ.

ತಪ್ಪೆಂದು ಮನಸಾರೆ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿ ಸೇವಂತಿ ಎಂಬ ಜಾಣ ಹುಡುಗಿಯಿದ್ದಳು. ಅವಳ ತಂದೆಯ ಕಾಲಿನ ಮೇಲೆ ಲಾರಿಯೊಂದು ಹರಿಯಿತು. ಲಾರಿಗೆ ವಿಮೆ ಇರಲಿಲ್ಲ, ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ. ಹುಡುಗಿ ಶಾಲೆ ಬಿಟ್ಟು ಯಾರದೋ ಮನೆಯ ಪಾತ್ರೆ ತಿಕ್ಕಲು ಹೋದಳು. ನೀವು ಇಂಥ ಗಾಡಿಗಳನ್ನು ಹಿಡಿಯುತ್ತೀರೆಂದು ಪತ್ರಿಕೆಯಲ್ಲಿ ಓದಿದಾಗ ಎಲ್ಲರಿಗಿಂತ ಮೊದಲು ಸಂತೋಷಪಟ್ಟವಳು ನಾನು. ಆದ್ದರಿಂದಲೇ ಕೇಳುತ್ತೇನೆ: ವಿಮೆ ಮಾಡಿಸಬೇಕೆಂದು ನಿಮ್ಮ ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆಸಿದವನೂ, ವಿಮೆಯ ಗೊಡವೆಯೇ ಬೇಡವೆಂದು ತಿರುಗುವವನೂ ನಿಮ್ಮ ಕಣ್ಣಿಗೆ ಒಂದೆಯೇ? ಒಳಗೆ ಬಿಡದವರು ನೀವು, ಹೊರಗೆ ನಿಂತಿದ್ದಾನೆಂದು ಹಿಡಿಯುವವರೂ ನೀವೇ ಆದರೆ ಮನುಷ್ಯ ಎಲ್ಲಿ ನಿಲ್ಲಬೇಕು?

ಹಿಡಿದ ದಿನದ ಕಥೆಯನ್ನೂ ಕೇಳಿ. ಕಡಲಿನ ಖಾಡಿಯ ಬದಿಯ ತಪಾಸಣೆಯ ನಾಕಾದಲ್ಲಿ ನಿಮ್ಮ ಸಿಪಾಯಿಗಳು ಮೊದಲು ಎಲೆಯ ಕಟ್ಟುಗಳ ನಡುವೆ ಕೈ ಹಾಕಿ, ಪಾನನಿಷೇಧದ ಊರಲ್ಲವೇ, ಸಾರಾಯಿ ಬಾಟಲಿ ಹುಡುಕಿದರು. ಸಿಗಲಿಲ್ಲ. ಆ ಬೇಸರಕ್ಕೆ ಕಾಗದ ಕೇಳಿದರು. ಚೆನ್ನಯ, ಇದು ಮಾವನ ಗಾಡಿ, ಹೆಸರು ಬದಲಿಸಲು ಅರ್ಜಿ ಕೊಟ್ಟಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಲೈಸೆನ್ಸ್ ಕೊಟ್ಟ. ಅದರಲ್ಲಿ ಅವನ ಹೆಸರು ಚೆನ್ನಯ ದೂಜ ಪೂಜಾರಿ ಎಂದಿದೆ. ಈ ಊರಿನಲ್ಲಿ ಹೆಸರಿನ ನಡುವೆ ತಂದೆಯ ಹೆಸರಿರಬೇಕು ತಾನೇ? ಲೈಸೆನ್ಸ್ ಮಾಡಿಸುವ ದಿನ ಗುಮಾಸ್ತರು ಬಾಪ್ ಕಾ ನಾಮ್ ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ದೂಜ ಏನೂ ಯೋಚಿಸದೆ ತನ್ನ ಹೆಸರು ಹೇಳಿದ್ದ. ಸಾಕಿದವನು ಅವನು, ಮನೆಯ ಯಜಮಾನ ಅವನು. ನಮ್ಮ ಲೆಕ್ಕದಲ್ಲಿ ಹೇಳಬೇಕಾದ ಹೆಸರು ಅದೇ. ನಿಮ್ಮ ಲೆಕ್ಕದಲ್ಲಿ ಅದು ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸ್. ವ್ಯಾನು ವಿಮೆಯಿಲ್ಲದ ಗಾಡಿಗಳ ಸಾಲಿಗೆ ಹೋಯಿತು, ಮಗ ಲೈಸೆನ್ಸ್ ಇಲ್ಲದವರ ಸಾಲಿಗೆ ಹೋದ. ನಿಮ್ಮ ಕಾರ್ಯಾಚರಣೆಯ ಯಶಸ್ಸಿನ ಅಂಕಿಗಳಲ್ಲಿ ನಮ್ಮ ಮನೆಯ ಕಾಣಿಕೆಯೂ ಇದೆಯೆಂದು ಹೆಮ್ಮೆಪಡಬಹುದು.

ಸಂಜೆ ನಾನು ಹೋಗಿ ನೋಡಿದಾಗ ಎಲೆಗಳು ನಿಮ್ಮ ಅಂಗಳದಲ್ಲಿ ಬಿಸಿಲಿಗೆ ಬಾಡಿ ಬಿದ್ದಿದ್ದವು. ಕೆಲವು ಮಾತ್ರ ಹಸಿರಾಗಿದ್ದವು, ಅವುಗಳ ಮೇಲೆ ಸಿಪಾಯಿಗಳು ಊಟ ಮಾಡುತ್ತಿದ್ದರು. ಜಪ್ತಿ ಮಾಡಿದ ಮಾಲನ್ನು ಹೀಗೆ ಬಳಸಬಹುದೇ ಎಂದು ಕೇಳುವ ಮನಸ್ಸಾಯಿತು. ಉಣ್ಣುತ್ತಿರುವವರ ಮುಂದೆ ನಿಂತು ಕೇಳುವುದು ನಮ್ಮ ಪದ್ಧತಿಯಲ್ಲ, ಸುಮ್ಮನೆ ಬಂದೆ. ಚೆನ್ನಯನನ್ನು ಬಿಟ್ಟುಕೊಟ್ಟರು, ಗಾಡಿಯನ್ನು ಕೊಡಲಿಲ್ಲ.

ನಮ್ಮ ಪಕ್ಕದ ಖೋಲಿಯಲ್ಲಿ ಧಾರವಾಡದ ಶಂಕ್ರೆಪ್ಪನವರಿದ್ದಾರೆ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ನಮ್ಮ ಇಂಗ್ಲಿಷ್ ಅರ್ಜಿಗಳನ್ನೆಲ್ಲ ಬರೆದುಕೊಟ್ಟವರು ಅವರೇ. ಅವರು ತಲೆ ಕೆರೆದುಕೊಂಡು, "ಬಾಯಾರ, ನಿಮ್ಮ ಅಳಿಯಸಂತಾನ ಅವ್ರಿಗೆ ತಿಳಿಯಂಗಿಲ್ಲ ಬಿಡ್ರಿ. ಲೈಸೆನ್ಸನ್ಯಾಗ ಹೆಂಗೂ ಮಗಾ ಅಂತೈತಿ. ಮಗಾ ಅಂತನ ಬರ್ದು ಕೊಡೂಣು. ಗಾಡೀನೂ ಬರ್ತದ, ಲೈಸೆನ್ಸೂ ಉಳೀತದ" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆಶ್ಚರ್ಯವೆಂದರೆ, ಗಾಡಿ ಕೇಳಲು ನಾನೂ ವಿನೋದಿನಿಯೂ ನಿಮ್ಮ ಕಚೇರಿಗೆ ಹೋದಾಗ ನಿಮ್ಮ ಇನ್‌ಸ್ಪೆಕ್ಟರರೂ ಅದನ್ನೇ ಹೇಳಿದರು. ಅಂದರೆ ನಾನು, ನನ್ನ ಮಗ ನನ್ನ ತಮ್ಮನ ಮಗನೆಂದು ರುಜು ಮಾಡಬೇಕು. ವಿನೋದಿನಿ, ತಾನು ಹೆರದವನನ್ನು ಹೆತ್ತಿದ್ದೇನೆಂದು ರುಜು ಮಾಡಬೇಕು. ನಿಜ ಹೇಳಿದವನನ್ನು ಸುಳ್ಳುಗಾರನೆಂದು ಹಿಡಿದು, ಸುಳ್ಳು ಬರೆದುಕೊಟ್ಟರೆ ಬಿಡುತ್ತೇವೆ ಎನ್ನುವ ಕಚೇರಿಗೆ ಏನೆಂದು ಹೇಳುವುದು? ಶಾಲೆಯಲ್ಲಿ ಮಕ್ಕಳಿಗೆ ನಾನು ಇನ್ನು ಮುಂದೆ ಏನು ಕಲಿಸಲಿ?

ಆಗುವುದಿಲ್ಲವೆಂದೆ. ಆಗ ಇನ್‌ಸ್ಪೆಕ್ಟರರು ನನ್ನ ಹಿಂದೆ ಸೆರಗು ಹೊದ್ದು ನಿಂತಿದ್ದ ವಿನೋದಿನಿಯತ್ತ ತಿರುಗಿದರು. ಗದರಿಸಲಿಲ್ಲ, ಮೃದುವಾಗಿಯೇ ಕೇಳಿದರು: "ಬಾಯಿ, ಆದ್ಮೀ ತುಮ್ಹಾರಾ ಥಾ. ಗಾಡಿ ತುಮ್ಹಾರೀ ನಹೀ ಹೈ ಕ್ಯಾ?" ಗಂಡ ನಿನ್ನವನಾಗಿದ್ದ, ಗಾಡಿ ನಿನ್ನದಲ್ಲವೇ?

ಅವಳು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅಲ್ಲ, ಚೆನ್ನಯನದು ಎನ್ನುತ್ತಾಳೆಂದು ನಾನು ಕಾದೆ. ಲೋಕಲ್ ರೈಲಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಬಂದೆವು, ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಮರುದಿನ ನಾನು ಶಾಲೆಯಿಂದ ಬಂದಾಗ ವಿನೋದಿನಿಯ ಖೋಲಿಯ ಮುಂದೆ ಇನ್ನೊಂದು ಶೇಗಡಿ ಹೊಗೆಯಾಡುತ್ತಿತ್ತು. ವಾರಿಜಾ ಅಭ್ಯಾಸಬಲದಿಂದ ನಮ್ಮ ಕಡೆ ತಟ್ಟೆ ಹಿಡಿದು ಬಂದವಳು ತನ್ನಮ್ಮನ ಮುಖ ನೋಡಿ ಹಿಂದೆ ಹೋದಳು. ಸಿಟ್ಟು ಬಂತು, ವಿನೋದಿನಿಯ ಮೇಲೆಯೇ ಬಂತು. ನಾವು ನಿನಗೆ ಏನು ಕಡಿಮೆ ಮಾಡಿದೆವು ಎಂದು ಕೇಳಿಯೂ ಬಿಟ್ಟೆ.

ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು: "ಎಂತ ಕಡಿಮೆ ಮಾಡ್ಲಿಲ್ಲ ಅಕ್ಕ. ಚೆನ್ನಯ ಚಿನ್ನದಂಥ ಹುಡುಗ. ನಾಳೆ ಅವನಿಗೆ ಮದುವೆ ಆಗ್ತದೆ, ಬಂದವಳು ಹೇಗೋ ಗೊತ್ತುಂಟಾ? ಊರಲ್ಲಾದ್ರೆ ನನಗೆ ತಮ್ಮಂದಿರ ಮನೆ ಇತ್ತು. ಅವರೆಲ್ಲ ಈಗ ಇದೇ ಮುಂಬಯಿಯಲ್ಲಿ ಹೋಟೆಲಿನ ಬೆಂಚಿನ ಮೇಲೆ ಮಲಗ್ತಾರೆ. ಗಾಡಿ ನಂದು ಅಂತ ಹೇಳಿದ್ರೆ ನಿಮ್ಮನ್ನು ಬಿಟ್ಟ ಹಾಗೆ. ನಂದಲ್ಲ ಅಂತ ಹೇಳಿದ್ರೆ ವಾರಿಜಾಳನ್ನು ಬಿಟ್ಟ ಹಾಗೆ. ಎಂತ ಹೇಳುದು? ಅದನ್ನು ನನ್ನ ಹತ್ರ ಯಾರೂ ಕೇಳ್ಬಾರದಿತ್ತು."

ಈ ಮಾತಿನ ಮೇಲೆ ನಾನು ಬಹಳ ಯೋಚಿಸಿದೆ. ನಮ್ಮ ಕಟ್ಟಳೆ ಕೆಟ್ಟದ್ದೆಂದು ಈಗಲೂ ನನಗನಿಸುವುದಿಲ್ಲ. ಗಂಡ ಸತ್ತವಳಿಗೆ ತಮ್ಮನ ಬಾಗಿಲು ತೆರೆದಿಟ್ಟ ಕಟ್ಟಳೆ ಅದು, ಅದರ ಅನ್ನವನ್ನು ನಾನು ಉಂಡಿದ್ದೇನೆ. ಆದರೆ ಅದಕ್ಕೆ ಊರಿನ ಮನೆ, ಗದ್ದೆ, ಪ್ರತಿ ಹೆಣ್ಣಿಗೂ ಒಂದು ತವರು ಬೇಕು. ಚಾಳಿನ ಖೋಲಿಯಲ್ಲಿ ವಿನೋದಿನಿಗೆ ತವರು ಎಲ್ಲಿದೆ? ಇದು ನನಗೆ ಹೊಳೆಯಬೇಕಿತ್ತು, ನಿಮ್ಮ ಇನ್‌ಸ್ಪೆಕ್ಟರರಿಗೆ ಹೊಳೆಯಿತು. ಅದಕ್ಕಾಗಿ ಅವರನ್ನು ಹೊಗಳಬೇಕೋ ಶಪಿಸಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೇನೆ.

ಈಗ ನನ್ನ ಬೇಡಿಕೆ. ಗಾಡಿಯನ್ನು ವಿನೋದಿನಿಯ ಹೆಸರಿಗೆ ಬರೆಯಿರಿ. ಅವಳಿಂದ ಏನನ್ನೂ ಕೇಳಬೇಡಿ, ಹೌದೆನ್ನಿಸಬೇಡಿ, ಅಲ್ಲವೆನ್ನಿಸಬೇಡಿ. ನನ್ನದೂ ನನ್ನ ಮಗನದೂ ಅದರ ಮೇಲೆ ಹಕ್ಕಿಲ್ಲವೆಂದು ನಾವಿಬ್ಬರೂ ನಮ್ಮ ಕೈಯಾರೆ ಬರೆದುಕೊಡುತ್ತೇವೆ. ಅದು ಸುಳ್ಳಲ್ಲ, ನಾವು ಬಿಟ್ಟುಕೊಟ್ಟ ಕ್ಷಣದಿಂದ ನಿಜ. ಚೆನ್ನಯನ ಲೈಸೆನ್ಸಿನಲ್ಲಿ ಹೆಸರು ತಿದ್ದಿ ಕೊಡಿ, ಅತ್ತೆಯ ಗಾಡಿಯನ್ನು ಅವನು ಓಡಿಸುತ್ತಾನೆ. ವಿಮೆಯನ್ನು ಅದೇ ದಿನ ಮಾಡಿಸುತ್ತೇವೆ. ಆಮೇಲೆ ನಾಕಾದಲ್ಲಿ ದಿನವೂ ನಿಲ್ಲಿಸಿ ನೋಡಿ, ಬೇಸರವಿಲ್ಲ.

ಚೆನ್ನಯನಿಗೆ ಇದನ್ನು ಹೇಳಿದಾಗ ಅವನು, "ಆಯ್ತಮ್ಮ, ನಾನು ಹೇಗೂ ಡ್ರೈವರ್ ಅಲ್ವಾ" ಎಂದು ನಕ್ಕ. ವಿನೋದಿನಿಗೆ ಹೇಳಿದಾಗ ಅವಳು ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನನಗೆ ಬೇಡ ಅಕ್ಕ" ಎಂದು ತನ್ನ ಶೇಗಡಿಯ ಕೆಂಡ ಕೆದಕತೊಡಗಿದಳು. ಗಾಡಿಯನ್ನು ಹಿಂದೆ ಕೊಡುವುದು ನಿಮ್ಮ ಕೈಯಲ್ಲಿದೆ, ಕೊಡಿ. ಅವಳು ಮೊದಲಿನ ಹಾಗೆ ಬಂದು ನನ್ನ ಪಕ್ಕದಲ್ಲಿ ಊಟಕ್ಕೆ ಕೂರುವುದು ಯಾವ ಮಹಡಿಯವರ ಕೈಯಲ್ಲೂ ಇಲ್ಲ. ಅದನ್ನು ನಿಮ್ಮಿಂದ ಕೇಳುತ್ತಿಲ್ಲ.

ಇಂತಿ,
ಚೆನ್ನಯನನ್ನು ಹೆತ್ತವಳು, ನಿಮ್ಮ ದಾಖಲೆಯಲ್ಲಿ ಅವನ ಸೋದರತ್ತೆ,
ಶೀಲಾವತಿ
ಮಾಟುಂಗ, ೧೯೫೪